ಗಾಳಿ ಕೆಟ್ಟರೆ ತರಕಾರಿಗೆ ಏನಾಗುತ್ತದೆ? ದಾವಣಗೆರೆ–ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಗೆ, ಧೂಳು, ತರಕಾರಿ ಅಂತ ಮಾತು ಬಂದರೆ ನಮ್ಮ ಕಡೆ ಎರಡು ಥರದವರು ಪ್ರಶ್ನೆ ಕೇಳುತ್ತಾರೆ. ಬೆಳೆಯುವವರಿಗೆ ಇಳುವರಿ ಚಿಂತೆ, ತಿನ್ನುವವರಿಗೆ ಆರೋಗ್ಯದ ಚಿಂತೆ. ಎರಡಕ್ಕೂ ಉತ್ತರ ಬೇರೆ ಬೇರೆ. ಆದರೆ ವಾಟ್ಸಾಪಿನಲ್ಲಿ ಓಡಾಡುವ ಮೆಸೇಜುಗಳು ಎರಡನ್ನೂ ಕಲಸಿ ಎಲ್ಲರನ್ನೂ ಹೆದರಿಸುತ್ತವೆ. ಇಲ್ಲಿ ಬಿಡಿಸಿ ಬರೆದಿದ್ದೇನೆ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ಸುತ್ತಿ ಬಳಸಿ ಬೇಡ. ಹೊಗೆ-ಧೂಳಿನ ಜಾಗದಲ್ಲಿ ಬೆಳೆದ ತರಕಾರಿ ತಿನ್ನಬಹುದಾ, ಬೇಡವಾ?

ತಿನ್ನಬಹುದು. ಚೆನ್ನಾಗಿ ತೊಳೆದು ತಿನ್ನಿ. ಗಾಳಿ ಕೆಟ್ಟಾಗ ಮೊದಲ ಪೆಟ್ಟು ಬೀಳುವುದು ಬೆಳೆದವರಿಗೆ. ತಿನ್ನುವವರಿಗೆ ಇರುವ ಅಪಾಯ ಅದಕ್ಕಿಂತ ಚಿಕ್ಕದು, ಅದೂ ಕೆಲವು ಜಾಗದ ಕೆಲವು ತರಕಾರಿಯಲ್ಲಿ ಮಾತ್ರ. ಹೆದರಿ ಸೊಪ್ಪು ತಿನ್ನುವುದನ್ನೇ ಬಿಟ್ಟರೆ ಆಗುವ ನಷ್ಟ ಆ ಸೊಪ್ಪಿನ ಮೇಲಿನ ಧೂಳಿನಿಂದ ಆಗುವ ನಷ್ಟಕ್ಕಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಹುಷಾರಾಗಿರಬೇಕಾದದ್ದು ಎಲ್ಲಿ ಅಂದರೆ: ದೊಡ್ಡ ರಸ್ತೆಗೆ ಅಂಟಿಕೊಂಡೇ ಬೆಳೆದ ಸೊಪ್ಪು, ಗಣಿ ಅಥವಾ ಕ್ರಷರ್ ಧೂಳು ದಿನಾ ಬೀಳುವ ಹೊಲ, ಮತ್ತು ಊರ ಚರಂಡಿ ನೀರು ಹಾಯಿಸಿದ ತರಕಾರಿ. ಕೊನೆಯದು ಗಾಳಿಯ ವಿಷಯವೇ ಅಲ್ಲ, ಆದರೂ ಸೇರಿಸಿದ್ದೇನೆ. ಯಾಕೆಂದರೆ ಹೊಟ್ಟೆ ಕೆಡಿಸುವುದರಲ್ಲಿ ಅದರ ಪಾಲೇ ಜಾಸ್ತಿ.

ನಮ್ಮೂರೇನು ದೆಹಲಿಯಾ? ಇಲ್ಲಿ ಗಾಳಿ ಅಷ್ಟು ಕೆಟ್ಟಿದೆಯಾ?

ದೆಹಲಿ ಅಲ್ಲ, ಆದರೆ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಹೆಸರಿದೆ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕದಿಂದ ಸೇರಿದ ನಾಲ್ಕು ಊರುಗಳು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಇಲ್ಲಿನ ದೊಡ್ಡ ಸಮಸ್ಯೆ ಪಿಎಂ 10, ಅಂದರೆ ಧೂಳು. ಒಂದು ಘನ ಮೀಟರ್ ಗಾಳಿಯಲ್ಲಿ ಇದರ ವರ್ಷದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಇದೆ. ಒಂದು ದಿನದ ಲೆಕ್ಕಕ್ಕೆ 100.

ಧೂಳು ಎಲ್ಲಿಂದ ಅಂತ ಕೇಳಬೇಕಾಗಿಲ್ಲ. ದಾವಣಗೆರೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ಬೇಸಿಗೆ ಮಧ್ಯಾಹ್ನ ಒಂದು ಸುತ್ತು ಹೋಗಿ ಬನ್ನಿ, ಗೊತ್ತಾಗುತ್ತದೆ. ಅಗೆದು ಬಿಟ್ಟ ರಸ್ತೆ, ಕಟ್ಟಡದ ಕೆಲಸ, ಲಾರಿ, ರೈಸ್ ಮಿಲ್, ಕಸಕ್ಕೆ ಹಚ್ಚುವ ಬೆಂಕಿ, ಎಲ್ಲಾ ಸೇರಿದೆ. ಚಿತ್ರದುರ್ಗದ ಕಡೆ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಬೀಸುವುದರಿಂದ ಹೊಗೆ ಒಂದೇ ಕಡೆ ನಿಲ್ಲುವುದಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ. ಆದರೆ ಅದೇ ಗಾಳಿ ಗಣಿ ಕಡೆಯ ಕೆಂಪು ಧೂಳನ್ನು ಎಬ್ಬಿಸಿ ಹೊಲಕ್ಕೂ ಹಾಕುತ್ತದೆ.

ಹೊಗೆ, ಧೂಳು, ಅನಿಲ, ಎಲ್ಲಾ ಒಂದೇ ಅಲ್ವಾ?

ಅಲ್ಲ, ಇದೊಂದು ವ್ಯತ್ಯಾಸ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಓಝೋನ್, ಗಂಧಕದ ಡೈಆಕ್ಸೈಡ್ ಥರದ ಅನಿಲಗಳು ಎಲೆಯ ಉಸಿರುರಂಧ್ರದಿಂದ ಒಳಗೆ ಹೋಗಿ ಎಲೆಯನ್ನು ಸುಡುತ್ತವೆ. ಇಳುವರಿ ಹೋಗುತ್ತದೆ, ಆದರೆ ಉಳಿದ ಕಾಯಿ ವಿಷವಾಗುವುದಿಲ್ಲ. ಧೂಳು ಎಲೆಯ ಮೇಲೆ ಕೂರುತ್ತದೆ. ಗಿಡಕ್ಕೂ ತೊಂದರೆ, ತಿನ್ನುವವರಿಗೂ ಸ್ವಲ್ಪ ತೊಂದರೆ, ಆದರೆ ಬಹುಪಾಲು ತೊಳೆದರೆ ಹೋಗುತ್ತದೆ. ಧೂಳಿನ ಜೊತೆ ಬರುವ ಸೀಸ, ಕ್ಯಾಡ್ಮಿಯಂ ಥರದ ಲೋಹಗಳ ಕಥೆಯೇ ಬೇರೆ. ಅವು ಮಣ್ಣಿಗೆ ಸೇರಿದರೆ ಅಲ್ಲೇ ಕೂತುಬಿಡುತ್ತವೆ, ಕೆಲವು ಬೇರಿನಿಂದ ಗಿಡದೊಳಗೂ ಹೋಗುತ್ತವೆ. ಹಾಗೆ ಒಳಗೆ ಸೇರಿದ್ದು ತೊಳೆದರೂ ಹೋಗುವುದಿಲ್ಲ.

ಓಝೋನ್ ಅಂದರೆ ಭೂಮಿಗೆ ಕೊಡೆ ಹಿಡಿಯುವಂಥದ್ದು ಅಂತ ಶಾಲೆಯಲ್ಲಿ ಕಲಿತಿದ್ದೆವು. ಅದು ಬೆಳೆಗೆ ಹೇಗೆ ಕೆಟ್ಟದ್ದು?

ಮೇಲಿದ್ದಾಗ ಒಳ್ಳೆಯದು, ಹೊಲದ ಮಟ್ಟದಲ್ಲಿ ಕೆಟ್ಟದ್ದು. ನೆಲದ ಹತ್ತಿರದ ಓಝೋನನ್ನು ಯಾವ ಚಿಮಣಿಯೂ ಉಗುಳುವುದಿಲ್ಲ. ವಾಹನ ಮತ್ತು ಬಾಯ್ಲರ್ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು, ಪೆಟ್ರೋಲ್-ಥಿನ್ನರ್ ಥರದ ಆವಿಗಳು, ಇವೆರಡರ ಮೇಲೆ ಬಿಸಿಲು ಬಿದ್ದಾಗ ಗಾಳಿಯಲ್ಲೇ ಹುಟ್ಟುತ್ತದೆ. ಅದಕ್ಕೇ ಫೆಬ್ರವರಿಯಿಂದ ಮೇ ತನಕ, ಮಧ್ಯಾಹ್ನದ ಹೊತ್ತಿನಲ್ಲಿ ಜಾಸ್ತಿ. ಮಳೆಗಾಲದ ಮೋಡದಲ್ಲಿ ಕಡಿಮೆ.

ಇದರಲ್ಲೊಂದು ವಿಚಿತ್ರ ಇದೆ. ಜನಜಂಗುಳಿಯ ರಸ್ತೆ ಪಕ್ಕದಲ್ಲಿ ಓಝೋನ್ ಕಡಿಮೆ ಇರುತ್ತದೆ, ಯಾಕೆಂದರೆ ತಾಜಾ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡೇ ಅದನ್ನು ತಿಂದುಹಾಕುತ್ತದೆ. ಊರು ದಾಟಿ, ಗಾಳಿ ಬೀಸುವ ದಿಕ್ಕಿನಲ್ಲಿ ಕೆಲವು ಕಿಲೋಮೀಟರ್ ಹೋದ ಮೇಲೆ ಮತ್ತೆ ಏರುತ್ತದೆ. ಹಾಗಾಗಿ "ನಮ್ಮ ಹೊಲ ಪೇಟೆಯಿಂದ ದೂರ ಇದೆ, ನಮಗೇನೂ ಆಗಲ್ಲ" ಅನ್ನುವ ಲೆಕ್ಕ ಧೂಳಿಗೆ ಸರಿ, ಓಝೋನಿಗೆ ಸರಿಯಲ್ಲ.

ಬೆಳೆ ವಿಜ್ಞಾನಿಗಳು ಗಾಳಿಯ ನೂರು ಕೋಟಿ ಪಾಲಿನಲ್ಲಿ ಓಝೋನ್ 40 ಪಾಲು ದಾಟಿದ ಮೇಲಿನ ಗಂಟೆಗಳನ್ನು ಕೂಡಿಸಿ ಬೆಳೆಗೆ ಆಗುವ ಪೆಟ್ಟನ್ನು ಅಳೆಯುತ್ತಾರೆ. ಒಂದು ದಿನದ ಏರಿಕೆಗಿಂತ ಹಂಗಾಮಿನುದ್ದಕ್ಕೂ ದಿನಾ ಸ್ವಲ್ಪ ಸ್ವಲ್ಪ ಬೀಳುವ ಪೆಟ್ಟು ದೊಡ್ಡದು. ಬೀನ್ಸ್, ಪಾಲಕ್, ಮೂಲಂಗಿ, ಆಲೂಗಡ್ಡೆ, ಈರುಳ್ಳಿ, ಕಲ್ಲಂಗಡಿ, ಇವು ಸೂಕ್ಷ್ಮ. ಟೊಮ್ಯಾಟೊ ನಡುವಿನದು. ಎಲೆಕೋಸು ತಡೆದುಕೊಳ್ಳುತ್ತದೆ, ನಮ್ಮ ಮೆಕ್ಕೆಜೋಳವೂ ಸುಮಾರಾಗಿ ತಡೆದುಕೊಳ್ಳುತ್ತದೆ.

ಇನ್ನೊಂದು: ನೀರು ಸಾಕಷ್ಟು ಇರುವ ಗಿಡ ಉಸಿರುರಂಧ್ರ ಅಗಲವಾಗಿ ತೆರೆದುಕೊಂಡಿರುತ್ತದೆ, ಓಝೋನನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ಬಾಡಿದ ಗಿಡ ರಂಧ್ರ ಮುಚ್ಚಿಕೊಂಡು ತಪ್ಪಿಸಿಕೊಳ್ಳುತ್ತದೆ. ಹಾಗಂತ ನೀರು ನಿಲ್ಲಿಸಬೇಡಿ, ಬರದಿಂದ ಆಗುವ ನಷ್ಟ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಬೀನ್ಸ್ ಎಲೆ ಮೇಲೆ ಚುಕ್ಕೆ ಬಂದಿದೆ. ಓಝೋನಾ, ರೋಗನಾ, ನುಸಿನಾ?

ಎಲೆ ಕಿತ್ತು ಕೈಯಲ್ಲಿ ಹಿಡಿದು ನೋಡಿ, ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಮೊದಲು ಬೆರಳಿನಿಂದ ಚುಕ್ಕೆ ಉಜ್ಜಿ. ಕಂದು-ಕೆಂಪು ಪುಡಿ ಬೆರಳಿಗೆ ಅಂಟಿದರೆ ತುಕ್ಕು ರೋಗ. ಆಮೇಲೆ ಎಲೆ ತಿರುಗಿಸಿ. ಹಿಂಬದಿಯಲ್ಲಿ ಸಣ್ಣ ಜೇಡರ ಬಲೆ ಥರದ ಎಳೆ, ಅದರಲ್ಲಿ ಓಡಾಡುವ ಚುಕ್ಕಿ ಕಂಡರೆ ಮೈಟ್ ನುಸಿ. ಬೆಳ್ಳಿ ಬಣ್ಣದ ಗೆರೆ, ಪಕ್ಕದಲ್ಲಿ ಕರಿ ಸಾಸಿವೆಗಿಂತ ಸಣ್ಣ ಹಿಕ್ಕೆ ಇದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಹುಳ. ಇದು ಯಾವುದೂ ಇಲ್ಲ, ಎಲೆಯ ಮೇಲ್ಭಾಗದಲ್ಲಿ ಮಾತ್ರ, ನರಗಳ ನಡುವೆ, ಸೂಜಿಮೊನೆಯಷ್ಟು ಕಂದು ಅಥವಾ ಬಿಳಿ ಚುಕ್ಕೆಗಳು ಒಂದೇ ಸಮ ಹರಡಿವೆ, ನರ ಮಾತ್ರ ಹಸಿರಾಗೇ ಇದೆ, ಕೆಳಗಿನ ಹಳೇ ಎಲೆಗಳಲ್ಲಿ ಜಾಸ್ತಿ, ಸುಳಿಯ ಎಲೆಯಲ್ಲಿ ಇಲ್ಲವೇ ಇಲ್ಲ ಅಂದರೆ ಓಝೋನ್ ಅಂತ ಅನುಮಾನ ಪಡಬಹುದು. ಒಂದೇ ಗಿಡದಲ್ಲಿ ಅಲ್ಲ, ಸಾಲು ಪೂರ್ತಿ ಹಾಗೇ ಇರಬೇಕು, ಬಿಸಿಲು ಜೋರಾಗಿದ್ದ ಕೆಲವು ದಿನ ಆದ ಮೇಲೆ ಕಂಡಿರಬೇಕು.

ಅನುಮಾನ ಬಂದರೆ ಔಷಧಿ ಅಂಗಡಿಗೆ ಓಡಬೇಡಿ. ಓಝೋನ್ ಕಲೆಗೆ ಯಾವ ಶಿಲೀಂಧ್ರನಾಶಕವೂ ಕೆಲಸ ಮಾಡುವುದಿಲ್ಲ. ಸುಮ್ನೆ ಹೊಡೆದರೆ ದುಡ್ಡೂ ಹೋಗುತ್ತದೆ, ಔಷಧಿಯ ಶೇಷ ಕಾಯಿ ಮೇಲೆ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಕೆಟ್ಟ ಗಾಳಿ ತಟ್ಟೆಗೆ ವಿಷ ತರುವ ದಾರಿಗಳಲ್ಲಿ ಇದೂ ಒಂದು. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಚಿತ್ರದುರ್ಗದ ಕೃಷಿ ವಿಜ್ಞಾನ ಕೇಂದ್ರ ಇದೆ. ಎಲೆ ತಗೊಂಡು ಅಲ್ಲಿಗೆ ಹೋಗಿ.

ಚಳ್ಳಕೆರೆ ಕಡೆ ನಮ್ಮ ಈರುಳ್ಳಿ ತುದಿ ಒಣಗುತ್ತಿದೆ. ಇದೂ ಗಾಳಿಯಿಂದಲೇನಾ?

ಓಝೋನಿನಿಂದ ಈರುಳ್ಳಿ ಗರಿಯ ತುದಿ ಒಣಗುವುದು ನಿಜ, ಬಿಳಿ ಚುಕ್ಕೆ ಬೀಳುವುದೂ ನಿಜ. ಆದರೆ ನೀವು ಮುಂಗಾರಿನಲ್ಲಿ ಬಿತ್ತಿದ ಮಳೆಯಾಶ್ರಿತ ಈರುಳ್ಳಿ ಬಗ್ಗೆ ಕೇಳುತ್ತಿದ್ದರೆ, ಗಾಳಿಯನ್ನು ಬೈಯುವ ಮೊದಲು ಥ್ರಿಪ್ಸ್, ನೇರಳೆ ಮಚ್ಚೆ, ಗರಿ ಸುರುಳಿ ಸುತ್ತಿಕೊಳ್ಳುವ ರೋಗ, ಈ ಮೂರನ್ನೂ ನೋಡಿ. ಮೋಡ ಮುಸುಕಿದ ಆಗಸ್ಟ್‌ನಲ್ಲಿ ಓಝೋನ್ ಅಷ್ಟು ಇರುವುದಿಲ್ಲ. ಬೇಸಿಗೆಯಲ್ಲಿ ನೀರಾವರಿ ಮಾಡಿ ಬೆಳೆದ ಈರುಳ್ಳಿಯಾದರೆ ಓಝೋನಿನ ಮಾತಿಗೆ ಅರ್ಥ ಇದೆ. ಎರಡರಲ್ಲಿ ಯಾವುದಾದರೂ ಗಡ್ಡೆ ಸಣ್ಣದಾಗುತ್ತದೆ, ತಿನ್ನಲು ತೊಂದರೆ ಇಲ್ಲ.

ಇಟ್ಟಿಗೆ ಭಟ್ಟಿ ಪಕ್ಕ ತೋಟ ಇದೆ. ಭಟ್ಟಿ ಹಚ್ಚಿದಾಗಲೆಲ್ಲಾ ಎಲೆ ತುದಿ ಸುಟ್ಟ ಹಾಗೆ ಆಗುತ್ತದೆ. ಯಾಕೆ?

ಎರಡು ಅನಿಲ. ಕಲ್ಲಿದ್ದಲಿನಿಂದ ಗಂಧಕದ ಡೈಆಕ್ಸೈಡ್ ಬರುತ್ತದೆ, ಅದು ನರಗಳ ನಡುವಿನ ಜಾಗವನ್ನು ಬೆಳ್ಳಗೆ ಮಾಡುತ್ತದೆ. ಜೇಡಿಮಣ್ಣು ಸುಟ್ಟಾಗ ಅದರೊಳಗಿನ ಫ್ಲೋರೈಡ್ ಅನಿಲವಾಗಿ ಹೊರಗೆ ಬರುತ್ತದೆ, ಅದು ಎಲೆಯ ಅಂಚು ಮತ್ತು ತುದಿಯಲ್ಲಿ ಶೇಖರವಾಗಿ ಅಲ್ಲೇ ಸುಡುತ್ತದೆ. ಗಿಡಗಳ ಮಟ್ಟಿಗೆ ಇದಕ್ಕಿಂತ ಖಾರವಾದ ಅನಿಲ ಕಡಿಮೆ. ಗ್ಲಾಡಿಯೋಲಸ್ ಹೂವಿನ ಗಿಡ ಎಲ್ಲಕ್ಕಿಂತ ಮೊದಲು ತೋರಿಸುತ್ತದೆ. ಮಾವಿನ ಕಾಯಿಯ ಮೂತಿ ಕಪ್ಪಾಗುವ ತೊಂದರೆಗೂ ಇಟ್ಟಿಗೆ ಭಟ್ಟಿಯ ಹೊಗೆಗೂ ಸಂಬಂಧ ಇದೆ ಅಂತ ಉತ್ತರ ಭಾರತದಲ್ಲಿ ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ.

ಪೆಟ್ಟು ಬೀಳುವುದು ಗಾಳಿ ಬೀಸುವ ಕಡೆಗೆ. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿ ಪಶ್ಚಿಮ-ನೈರುತ್ಯದಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಭಟ್ಟಿ ಹೆಚ್ಚಾಗಿ ಉರಿಯುವುದು ಮಳೆ ಇಲ್ಲದ ತಿಂಗಳಲ್ಲಿ ಅಲ್ವಾ, ಹಾಗಾಗಿ ಭಟ್ಟಿಯ ಪಶ್ಚಿಮಕ್ಕಿರುವ ಹೊಲಕ್ಕೆ ಆಗ ಜಾಸ್ತಿ ತೊಂದರೆ. ಆ ಹಂಗಾಮಿನಲ್ಲಿ ಆ ಮಗ್ಗುಲಿಗೆ ಪಾಲಕ್, ಬೀನ್ಸ್ ಹಾಕದೆ ಬೇರೇನಾದರೂ ಹಾಕುವುದು ಕೈಲಿರುವ ಉಪಾಯ.

ಹೊಳಲ್ಕೆರೆ, ಭೀಮಸಮುದ್ರದ ಕಡೆ ಗಣಿ ಧೂಳು ತೋಟದ ಮೇಲೆಲ್ಲಾ ಕೂರುತ್ತದೆ. ಬೆಳೆಗೆ ಏನಾಗುತ್ತದೆ?

ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಗಿಡ ನೋಡಿದವರಿಗೆ ಹೇಳಬೇಕಾಗಿಲ್ಲ, ಎಲೆ ಯಾವ ಬಣ್ಣ ಅಂತಲೇ ಮರೆತುಹೋಗುತ್ತದೆ. ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ಎಲೆ ಒರೆಸಿ, ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಆ ಪದರ ಬೆಳಕು ತಡೆಯುತ್ತದೆ, ಉಸಿರುರಂಧ್ರಕ್ಕೆ ಅಡ್ಡ ಕೂರುತ್ತದೆ, ಎಲೆ ಬಿಸಿಯಾಗುತ್ತದೆ. ಎಲೆ ಆಹಾರ ಮಾಡುವುದು ಕಡಿಮೆಯಾದರೆ ಕಾಯಿ ಕಡಿಮೆ, ಅಷ್ಟೇ ಲೆಕ್ಕ. ಹೂವಿನ ಮೇಲೆ ಕೂತರೆ ಕಾಯಿ ಕಟ್ಟುವುದಕ್ಕೂ ತೊಂದರೆ. ಹೀರೆ, ಹಾಗಲ, ಕುಂಬಳ, ಸೌತೆಗೆ ಜೇನುಹುಳ ಬರಲೇಬೇಕು. ಧೂಳು ಮೆತ್ತಿದ ಹೂವು ಹುಳಕ್ಕೆ ಇಷ್ಟವಾಗುವುದಿಲ್ಲ.

ಜನ ಗಮನಿಸದ ಇನ್ನೊಂದು ಸಂಗತಿ ಎಂದರೆ ಧೂಳು ಮತ್ತು ಮೈಟ್ ನುಸಿಯ ಸ್ನೇಹ. ಧೂಳು ಕೂತ ಗಿಡದಲ್ಲಿ ನುಸಿಯನ್ನು ತಿನ್ನುವ ಒಳ್ಳೆ ಹುಳಗಳು ನಿಲ್ಲುವುದಿಲ್ಲ, ನುಸಿ ಮಾತ್ರ ಹೆಚ್ಚುತ್ತದೆ. ರಸ್ತೆ ಅಂಚಿನ ಸಾಲಿನಲ್ಲೇ ಬದನೆ, ಬೆಂಡೆಗೆ ನುಸಿ ಯಾಕೆ ಮೊದಲು ಬರುತ್ತದೆ ಅಂತ ಕೇಳುವವರಿಗೆ ಇದೇ ಉತ್ತರ. ಬೆಳಿಗ್ಗೆ ಹೊತ್ತು ಸ್ಪ್ರೇಯರ್‌ನಲ್ಲಿ ಬರೀ ನೀರು ಜೋರಾಗಿ ಹೊಡೆದರೆ ಧೂಳೂ ಇಳಿಯುತ್ತದೆ, ನುಸಿಯೂ ಕಡಿಮೆಯಾಗುತ್ತದೆ. ಸಂಜೆ ಹೊಡೆಯಬೇಡಿ, ರಾತ್ರಿಯೆಲ್ಲಾ ಎಲೆ ಒದ್ದೆ ಇದ್ದರೆ ಶಿಲೀಂಧ್ರಕ್ಕೆ ಹಬ್ಬ. ಸಿಮೆಂಟ್ ಧೂಳಾದರೆ ಇಬ್ಬನಿಗೆ ಸೇರಿ ಗಟ್ಟಿ ಪೊರೆ ಆಗುತ್ತದೆ, ಅದು ನೀರಿಗೂ ಸುಲಭಕ್ಕೆ ಬಿಡುವುದಿಲ್ಲ.

ತಿನ್ನುವವರಿಗೆ? ಕಬ್ಬಿಣದ ಅದಿರಿನ ಧೂಳು ಸ್ವಲ್ಪ ಹೊಟ್ಟೆಗೆ ಹೋದ ಮಾತ್ರಕ್ಕೆ ವಿಷವಲ್ಲ. ಆ ಧೂಳಿನ ನಿಜವಾದ ಅಪಾಯ ಶ್ವಾಸಕೋಶಕ್ಕೆ. ತೋಟದಲ್ಲಿ ದಿನವಿಡೀ ಕಳೆ ಕೀಳುವವರು ಉಸಿರಾಡುವುದೂ ಅದನ್ನೇ, ತರಕಾರಿ ಬಗ್ಗೆ ಮಾತಾಡುವಾಗ ಅವರನ್ನು ಎಲ್ಲರೂ ಮರೆಯುತ್ತಾರೆ.

ಹೈವೇ ಪಕ್ಕದ ಹೊಲದ ಸೊಪ್ಪು ತಗೋಬಹುದಾ? ಪೆಟ್ರೋಲಿನಲ್ಲಿ ಈಗ ಸೀಸ ಇಲ್ಲವಂತಲ್ಲ?

ಸೀಸ ಹಾಕಿದ ಪೆಟ್ರೋಲ್ ದೇಶದಲ್ಲಿ 2000ದ ಫೆಬ್ರವರಿ 1ರಿಂದ ಬಂದ್ ಆಯಿತು, ದೊಡ್ಡ ಉಪಕಾರ ಆಯಿತು. ಆದರೆ ಅದಕ್ಕೆ ಮೊದಲು ದಶಕಗಟ್ಟಲೆ ಪುಣೆ–ಬೆಂಗಳೂರು ರಸ್ತೆಯ ಅಂಚಿಗೆ ಬಿದ್ದ ಸೀಸ ಎಲ್ಲಿಗೂ ಹೋಗುವುದಿಲ್ಲ, ಮಣ್ಣಿನ ಮೇಲ್ಪದರದಲ್ಲೇ ಇರುತ್ತದೆ. ಜೊತೆಗೆ ಟೈರ್ ಸವೆದಾಗ ಸತು, ಅದರ ಜೊತೆ ಚೂರು ಕ್ಯಾಡ್ಮಿಯಂ ಬೀಳುತ್ತದೆ. ಬ್ರೇಕ್ ಸವೆದಾಗ ತಾಮ್ರ. ಎಲೆಕ್ಟ್ರಿಕ್ ಗಾಡಿ ಬಂದರೂ ಟೈರ್ ಸವೆಯುವುದು ನಿಲ್ಲುವುದಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ ಇದರ ಬಹುಪಾಲು ರಸ್ತೆಯಿಂದ ಮೊದಲ 50 ಮೀಟರ್ ಒಳಗೇ ಬಿದ್ದುಹೋಗುತ್ತದೆ. ಆನಗೋಡು, ಭರಮಸಾಗರ, ಐಮಂಗಲದ ಕಡೆ ರಾಷ್ಟ್ರೀಯ ಹೆದ್ದಾರಿ 48ಕ್ಕೆ ತಾಗಿಕೊಂಡು ಜಮೀನು ಇರುವವರು ಆ ಅಂಚಿನ ಪಟ್ಟಿಯಲ್ಲಿ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೇಡ ಅಂತ ಇಟ್ಟುಕೊಂಡರೆ ಸಾಕು. ಅಲ್ಲಿ ಮೆಕ್ಕೆಜೋಳ, ಹತ್ತಿ, ಹೂವು ಏನಾದರೂ ಹಾಕಿ, ತರಕಾರಿ ಒಳಗೆ ತಗೊಳ್ಳಿ. ಬದುವಿನ ಮೇಲೆ ಗೊಬ್ಬರದ ಗಿಡ, ಹೊಂಗೆ, ಬೇವು ಒತ್ತಾಗಿ ಬೆಳೆಸಿದರೆ ಧೂಳಿನ ದೊಡ್ಡ ಪಾಲನ್ನು ಅವೇ ಹಿಡಿಯುತ್ತವೆ. ಆ ಸೊಪ್ಪನ್ನು ಮಾತ್ರ ತರಕಾರಿ ಮಡಿಗೆ ಮುಚ್ಚಿಗೆ ಮಾಡಬೇಡಿ.

ಲೋಹಗಳಲ್ಲೂ ಸ್ವಭಾವ ಬೇರೆ. ಸೀಸ ಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಬೇರಿನಿಂದ ಮೇಲಕ್ಕೆ ಹೋಗುವುದು ಬಹಳ ಕಡಿಮೆ. ಸೊಪ್ಪಿನಲ್ಲಿ ಸಿಗುವ ಸೀಸ ಹೆಚ್ಚಾಗಿ ಎಲೆ ಮೇಲಿನ ಧೂಳು-ಮಣ್ಣಿನದು, ತೊಳೆದರೆ ಹೋಗುವಂಥದ್ದು. ಕ್ಯಾಡ್ಮಿಯಂ ಹಾಗಲ್ಲ, ಸಲೀಸಾಗಿ ಎಲೆಗೆ ಏರುತ್ತದೆ, ಮನುಷ್ಯನ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಹುಳಿ ಮಣ್ಣಿನಲ್ಲಿ ಜಾಸ್ತಿ ಏರುತ್ತದೆ. ದಾವಣಗೆರೆ ಸುತ್ತಿನ ಎರೆಭೂಮಿ ಕ್ಷಾರದ ಕಡೆಗಿರುವುದರಿಂದ ಇಲ್ಲಿ ಅದಕ್ಕೆ ಕಡಿವಾಣ ಇದೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕುವುದು, ಸತುವಿನ ಕೊರತೆ ಇದ್ದರೆ ಸರಿಪಡಿಸುವುದು, ಇವೆರಡೂ ಕ್ಯಾಡ್ಮಿಯಂ ಏರುವುದನ್ನು ತಗ್ಗಿಸುತ್ತವೆ. ಅಂದಹಾಗೆ ಹೊಲಕ್ಕೆ ಕ್ಯಾಡ್ಮಿಯಂ ಬರೀ ಗಾಳಿಯಿಂದ ಬರುವುದಿಲ್ಲ, ರಂಜಕದ ಗೊಬ್ಬರದಲ್ಲೂ ಸ್ವಲ್ಪ ಇರುತ್ತದೆ. ಎಲ್ಲವನ್ನೂ ಲಾರಿ ಮೇಲೆ ಹಾಕಿದರೆ ಅನ್ಯಾಯ.

ಯಾವ ತರಕಾರಿಯಲ್ಲಿ ಜಾಸ್ತಿ ಸೇರುತ್ತದೆ, ಯಾವುದರಲ್ಲಿ ಕಡಿಮೆ?

ಸೊಪ್ಪಿನಲ್ಲಿ ಜಾಸ್ತಿ: ಪಾಲಕ್, ರಾಜಗಿರಿ, ಮೆಂತ್ಯ, ಕೊತ್ತಂಬರಿ, ಪುಂಡಿ. ಎಲೆ ಅಗಲ, ನೆಲಕ್ಕೆ ಹತ್ತಿರ, ಮಳೆ ಹನಿ ಸಿಡಿದಾಗ ಮಣ್ಣೂ ಮೆತ್ತಿಕೊಳ್ಳುತ್ತದೆ. ಆಮೇಲೆ ಗಡ್ಡೆ-ಬೇರು. ಟೊಮ್ಯಾಟೊ, ಬದನೆ, ಬೆಂಡೆ, ಹೀರೆ ಥರದ ಕಾಯಿಗಳಲ್ಲಿ ಕಡಿಮೆ. ಆಹಾರದ ಅಂತರರಾಷ್ಟ್ರೀಯ ಮಾನದಂಡ ಕೋಡೆಕ್ಸ್‌ನಲ್ಲೂ ಇದೇ ಕ್ರಮ ಕಾಣುತ್ತದೆ: ಸೀಸದ ಮಿತಿ ಕಿಲೋಗೆ ಸೊಪ್ಪಿನಲ್ಲಿ 0.3 ಮಿಲಿಗ್ರಾಂ, ಗಡ್ಡೆ-ಬೇರಿನಲ್ಲಿ 0.1, ಕಾಯಿಗಳಲ್ಲಿ 0.05.

ವೀಳ್ಯದೆಲೆಯನ್ನು ಯಾರೂ ತರಕಾರಿ ಅಂತ ಎಣಿಸುವುದಿಲ್ಲ, ಆದರೆ ಹಸಿಯಾಗಿ ತಿನ್ನುವ ಎಲೆ ಅದು. ಪಂಚೆಗೆ ಎರಡು ಸಲ ಒರೆಸಿ ಸುಣ್ಣ ಹಚ್ಚುವ ಅಭ್ಯಾಸ ಬಿಟ್ಟು ನೀರಿನಲ್ಲಿ ತೊಳೆಯಿರಿ ಅಂತ ಮನೆಯ ಹಿರಿಯರಿಗೆ ಹೇಳಿ. ಕೇಳಿದರೆ ನಿಮ್ಮ ಅದೃಷ್ಟ.

ಹೇಗೆ ತೊಳೆಯಬೇಕು? ಉಪ್ಪು, ಅರಿಶಿನ, ಸೋಡಾ ಹಾಕಬೇಕಾ?

ಬೇರೆ ಏನೂ ಬೇಡ, ಬೇಕಾದದ್ದು ನೀರು ಮತ್ತು ತಾಳ್ಮೆ. ಕಟ್ಟನ್ನು ಕಟ್ಟಾಗೇ ನಲ್ಲಿ ಕೆಳಗೆ ಹಿಡಿದರೆ ಒಳಗಿನ ಎಲೆಗೆ ನೀರೇ ತಾಗುವುದಿಲ್ಲ. ದಾರ ಬಿಚ್ಚಿ, ಬೇರು ಕತ್ತರಿಸಿ, ದೊಡ್ಡ ಪಾತ್ರೆ ನೀರಿನಲ್ಲಿ ಮುಳುಗಿಸಿ ಕೈಯಿಂದ ಆಡಿಸಿ, ಎರಡು ನಿಮಿಷ ಬಿಡಿ. ಆಮೇಲೆ ಸೊಪ್ಪನ್ನು ಮೇಲೆತ್ತಿ ತೆಗೆಯಿರಿ. ಪಾತ್ರೆಯನ್ನು ಜಾಲರಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ, ಎಷ್ಟೋ ಮನೆಯಲ್ಲಿ ಇದೇ ಆಗುವುದು. ನೀರು ಬದಲಿಸಿ, ತಳಕ್ಕೆ ಬೆರಳು ಉಜ್ಜಿದರೆ ಮರಳು ಸಿಗದಿರುವ ತನಕ ಮಾಡಿ. ಹೆಚ್ಚುವುದು ತೊಳೆದ ಮೇಲೆ.

ಎಲೆಕೋಸಿನ ಹೊರಗಿನ ಎರಡು ಎಲೆ ತೆಗೆದುಬಿಡಿ. ಮೂಲಂಗಿ, ಕ್ಯಾರೆಟ್, ಆಲೂಗಡ್ಡೆಯನ್ನು ಮೊದಲು ಉಜ್ಜಿ ತೊಳೆದು ಆಮೇಲೆ ಸಿಪ್ಪೆ ತೆಗೆಯಿರಿ. ಸೌತೆಕಾಯಿಗೂ ಅದೇ. ನೀರಿಗೆ ಸ್ವಲ್ಪ ವಿನಿಗರ್ ಹಾಕಿದರೆ ಅಂಟಿದ ಸೀಸ ಇನ್ನೊಂಚೂರು ಬಿಡುತ್ತದೆ, ಆದರೆ ಮುಖ್ಯ ಕೆಲಸ ನೀರಿನದ್ದೇ. ಅರಿಶಿನಕ್ಕೆ ಧೂಳು ತೆಗೆಯುವ ಶಕ್ತಿ ಇಲ್ಲ. ಪಾತ್ರೆ ತೊಳೆಯುವ ಸೋಪು ಹಾಕುವವರೂ ಇದ್ದಾರೆ, ದಯವಿಟ್ಟು ಬೇಡ. ತರಕಾರಿ ಅದನ್ನು ಹೀರಿಕೊಳ್ಳುತ್ತದೆ.

ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ ತಿನ್ನುವ ಮನೆಗಳಲ್ಲಿ, ಖಾರ ಮಂಡಕ್ಕಿ ಮೇಲೆ ಹಸಿ ಕೊತ್ತಂಬರಿ ಉದುರಿಸುವ ಊರಿನಲ್ಲಿ, ಈ ತೊಳೆಯುವ ಕೆಲಸದ ಬೆಲೆ ಜಾಸ್ತಿ. ಧೂಳಿಗಿಂತಲೂ ರೋಗಾಣುವಿನ ಕಾರಣಕ್ಕೆ.

ಬೇಯಿಸಿದರೆ ಎಲ್ಲಾ ಹೋಗುತ್ತಲ್ಲ?

ರೋಗಾಣು ಹೋಗುತ್ತದೆ. ಲೋಹ ಹೋಗುವುದಿಲ್ಲ, ಎಷ್ಟು ಕುದಿಸಿದರೂ ಸೀಸ ಸೀಸವೇ.

ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಕಡೆಯಿಂದ ಕರಿ ಬೂದಿ ಬಂದು ತಾರಸಿ ಮೇಲೆ, ಗಿಡದ ಮೇಲೆ ಬೀಳುತ್ತದೆ. ಅದು ವಿಷನಾ?

ಭತ್ತದ ಹೊಟ್ಟಿನ ಬೂದಿ ಹೆಚ್ಚಾಗಿ ಸಿಲಿಕಾ. ಕಣ್ಣಿಗೆ, ಶ್ವಾಸಕ್ಕೆ ತೊಂದರೆ ಕೊಡುತ್ತದೆ, ಎಲೆ ಮೇಲಿಂದ ನೀರಿನಲ್ಲಿ ಹೋಗುತ್ತದೆ. ಅರೆಬರೆ ಉರಿದ ಹೊಗೆಯ ಮಸಿ ಮಾತ್ರ ಬೇರೆ. ಅದರಲ್ಲಿ ಬೆಂಜೋಪೈರೀನ್ ಥರದ ಕ್ಯಾನ್ಸರ್‌ಕಾರಕಗಳಿರುತ್ತವೆ, ಅವು ಎಲೆಯ ಮೇಣದ ಪದರಕ್ಕೆ ಅಂಟಿಕೊಳ್ಳುವುದರಿಂದ ತೊಳೆದರೆ ಅರ್ಧಂಬರ್ಧ ಹೋಗುತ್ತವೆ. ಎಲ್ಲಿ ಟೈರ್, ಪ್ಲಾಸ್ಟಿಕ್ ಸುಡುತ್ತಾರೋ ಅಲ್ಲಿ ಇದು ಹೆಚ್ಚು. ಕಸದ ರಾಶಿಗೆ ಬೆಂಕಿ ಹಚ್ಚುವ ಜಾಗದ ಹತ್ತಿರದ ಸೊಪ್ಪನ್ನು ನಾನಂತೂ ತಗೊಳ್ಳುವುದಿಲ್ಲ.

ಹಾಗೆ ನೋಡಿದರೆ ಕೆಂಡದ ಮೇಲೆ ಕರಿಕಾಗುವಂತೆ ಸುಟ್ಟ ಬದನೆಕಾಯಿಯ ಸಿಪ್ಪೆಯಲ್ಲೂ ಇದೇ ವಸ್ತುಗಳಿರುತ್ತವೆ. ಸಿಪ್ಪೆ ಪೂರ್ತಿ ತೆಗೆದು ಗೊಜ್ಜೋ ಬಜ್ಜಿಯೋ ಮಾಡಿ, ಚಿಂತೆ ಬೇಡ.

ಸುಗ್ಗಿ ಆದ ಮೇಲೆ ಮೆಕ್ಕೆಜೋಳದ ಸೊಪ್ಪೆ, ಭತ್ತದ ಕೂಳೆ ಸುಡುತ್ತೇವೆ. ಒಂದು ದಿನದ ಹೊಗೆ, ಏನು ಮಹಾ?

ಒಬ್ಬರದು ಒಂದು ದಿನ, ಊರಿನದು ತಿಂಗಳು. ಆ ಹೊಗೆಯಲ್ಲಿ ಓಝೋನ್ ಹುಟ್ಟಿಸುವ ಅನಿಲಗಳೂ ಇವೆ, ಅಂದರೆ ನಿಮ್ಮ ಹೊಲದ ಹೊಗೆ ಪಕ್ಕದವರ ಬೀನ್ಸ್‌ಗೆ ಪೆಟ್ಟು. ಸುಡುವ ಬದಲು ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿ, ಅಥವಾ ತರಕಾರಿ ಮಡಿಗೆ ಮುಚ್ಚಿಗೆ ಹಾಕಿ. ಮುಚ್ಚಿಗೆ ಇದ್ದರೆ ಮಳೆಗೆ ಮಣ್ಣು ಸಿಡಿದು ಸೊಪ್ಪಿಗೆ ಮೆತ್ತುವುದೂ ನಿಲ್ಲುತ್ತದೆ. ಕೂಲಿ, ಡೀಸೆಲ್ ಖರ್ಚು ಇದೆ ಅನ್ನುವುದು ಗೊತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ಆಮ್ಲ ಮಳೆ ಬರುತ್ತದಾ ನಮ್ಮಲ್ಲಿ?

ಹೆದರುವಷ್ಟಿಲ್ಲ. ನಮ್ಮ ದೇಶದ ಧೂಳಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಆಮ್ಲವನ್ನು ಬಹಳಷ್ಟು ಕಡೆ ಶಮನ ಮಾಡುತ್ತದೆ. ಡೀಸೆಲ್‌ನಲ್ಲಿ ಗಂಧಕವೂ ಇಳಿದಿದೆ: 2020ರ ಏಪ್ರಿಲ್ 1ರಿಂದ ವಾಹನ-ಇಂಧನಗಳ ಬಿಎಸ್ 6 ಮಾನದಂಡ ಬಂದ ಮೇಲೆ ಹತ್ತು ಲಕ್ಷ ಪಾಲಿಗೆ 50 ಇದ್ದದ್ದು 10 ಆಯಿತು. ಚಿತ್ರದುರ್ಗದ ಫ್ಲೋರೈಡ್ ಬಗ್ಗೆಯೂ ಕೆಲವರು ಇದೇ ಉಸಿರಿನಲ್ಲಿ ಕೇಳುತ್ತಾರೆ. ಅದು ಬೋರ್‌ವೆಲ್ ನೀರಿಗೆ ಬಂಡೆಯಿಂದ ಬರುವುದು, ಗಾಳಿಗೆ ಸಂಬಂಧವಿಲ್ಲ.

ಸಾವಯವ ತರಕಾರಿ ತಗೊಂಡರೆ ಈ ತಾಪತ್ರಯ ಇಲ್ಲ ಅಲ್ವಾ?

ಧೂಳಿಗೆ ಸಾವಯವ, ರಾಸಾಯನಿಕ ಅಂತ ಭೇದ ಇಲ್ಲ. ಔಷಧಿ ಶೇಷದ ವಿಷಯಕ್ಕೆ ಸಾವಯವ ಒಳ್ಳೆಯದು. ಗಾಳಿಯ ವಿಷಯಕ್ಕೆ ಹೊಲ ಎಲ್ಲಿದೆ ಅನ್ನುವುದು ಮುಖ್ಯ.

ಮನೆ ತಾರಸಿಯಲ್ಲಿ ಸೊಪ್ಪು ಬೆಳೆಯುತ್ತೇವೆ. ಮುಂದೆ ಮೇನ್ ರೋಡ್ ಇದೆ.

ಕುಂಡಗಳನ್ನು ರಸ್ತೆಯ ಕಡೆ ಪ್ಯಾರಾಪೆಟ್ ಮೇಲೆ ಇಡದೆ ಹಿಂದಕ್ಕೆ ತನ್ನಿ. ಅಂಚಿಗೆ ಬಳ್ಳಿ ಹಬ್ಬಿಸಿ ಅಥವಾ ನೆರಳು ಪರದೆ ಕಟ್ಟಿ. ಮಣ್ಣು ಎಲ್ಲಿಂದ ತಂದಿರಿ ಅನ್ನುವುದು ಗಾಳಿಗಿಂತ ಮುಖ್ಯ, ರಸ್ತೆ ಬದಿಯ ಮಣ್ಣು ಬೇಡ. ಹಳೇ ಮನೆಯಾದರೆ ಕಿಟಕಿ, ಗ್ರಿಲ್‌ನಿಂದ ಉದುರುವ ಬಣ್ಣದ ಚಕ್ಕೆ ಕುಂಡಕ್ಕೆ ಬೀಳದಂತೆ ನೋಡಿಕೊಳ್ಳಿ. ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಬಣ್ಣದಲ್ಲಿ ಎಷ್ಟು ಬೇಕಾದರೂ ಇರಬಹುದು. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತಗೋಬೇಡಿ, ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಸೊಪ್ಪಿನಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸಬಹುದಾ?

ಮಾಡಿಸಬಹುದು. ಕೃಷಿ ವಿಜ್ಞಾನ ಕೇಂದ್ರದ ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ರಸಸಾರ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವುದು), ಪೋಷಕಾಂಶ ಗೊತ್ತಾಗುತ್ತದೆ, ಅದನ್ನು ಮೊದಲು ಮಾಡಿಸಿ. ಲೋಹಕ್ಕೆ ಮಾನ್ಯತೆ ಪಡೆದ ಆಹಾರ ಪ್ರಯೋಗಾಲಯ ಬೇಕು. ಕಳಿಸುವಾಗ ಒಂದೇ ಮಡಿಯ ಸೊಪ್ಪನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೇ, ಇನ್ನೊಂದನ್ನು ಅಡುಗೆಗೆ ತೊಳೆಯುವಂತೆ ತೊಳೆದು ಕಳಿಸಿ. ತೊಳೆದದ್ದರಲ್ಲಿ ಸೀಸ ಬಹಳ ಇಳಿದಿದ್ದರೆ ಅದು ಧೂಳು. ಎರಡರಲ್ಲೂ ಒಂದೇ ಇದ್ದರೆ ಮಣ್ಣಿನಿಂದ ಏರಿದ್ದು, ಆಗ ಆ ಮಡಿಯಲ್ಲಿ ಸೊಪ್ಪು ನಿಲ್ಲಿಸಿ ಕಾಯಿ ತರಕಾರಿ ಹಾಕಿ.

ಕೊಂಡವರಿಗೂ ಹಕ್ಕಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ತಪ್ಪು ಸಾಬೀತಾದರೆ ಶುಲ್ಕ ವಾಪಸ್. ಆದರೆ ಗಾಡಿ ತಳ್ಳಿಕೊಂಡು ಬರುವ ಸೊಪ್ಪಿನ ಅಜ್ಜಿಯ ಮೇಲೆ ಈ ಕಾನೂನು ಹಿಡಿದುಕೊಂಡು ಹೋಗಬೇಡಿ, ಧೂಳು ಎಬ್ಬಿಸಿದವರು ಅವರಲ್ಲ.

ಧೂಳು ಬೆಳೆ ಹಾಳು ಮಾಡುತ್ತಿದೆ. ಯಾರಿಗೆ ದೂರು ಕೊಡಬೇಕು?

1981ರ ವಾಯು ಕಾಯ್ದೆ ಅಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ, ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ತೋಟಗಾರಿಕೆ ಇಲಾಖೆಗೆ. ಗಣಿ ಪ್ರದೇಶದವರಿಗೆ ಇನ್ನೊಂದು ದಾರಿ ಇದೆ. ಚಿತ್ರದುರ್ಗ, ತುಮಕೂರಿನ ಕಬ್ಬಿಣ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ನಿಲ್ಲಿಸಿತ್ತು, ಆಮೇಲೆ 2013ರಲ್ಲಿ ಷರತ್ತು ಹಾಕಿ ಬಿಟ್ಟಿತು. ಆ ಪ್ರಕರಣದ ಹಣದಿಂದ ಗಣಿಬಾಧಿತ ಊರುಗಳ ಕೆಲಸಕ್ಕಾಗಿಯೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನೂ ಮಾಲಿನ್ಯ ತಡೆಗೆ ಬಳಸಬಹುದು. ಲಾರಿ ರಸ್ತೆಗೆ ಡಾಂಬರು, ನೀರು ಸಿಂಪಡಣೆ, ಅದಿರಿಗೆ ಟಾರ್ಪಾಲಿನ್ ಹೊದಿಕೆ, ಇವನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳಿ. ಒಬ್ಬರ ಅರ್ಜಿಗಿಂತ ಠರಾವಿಗೆ ತೂಕ ಜಾಸ್ತಿ.

ಬರೀ "ಧೂಳು ಬರುತ್ತಿದೆ" ಅಂತ ಬರೆದರೆ ಅರ್ಜಿ ಫೈಲ್ ಸೇರುತ್ತದೆ. ತಾರೀಕು, ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ರಸ್ತೆ ಅಂಚಿನ ಸಾಲಿನ ಫೋಟೋ, ಹೊಲದ ಒಳಗಿನ ಸಾಲಿನ ಫೋಟೋ, ಎರಡೂ ಸಾಲಿನಿಂದ ಒಂದೇ ದಿನ ಕಿತ್ತ ಕಾಯಿಯ ತೂಕ, ಇವಿಷ್ಟು ಹಚ್ಚಿ. ಅಂಚಿನ ಸಾಲು, ಒಳಗಿನ ಸಾಲು ಎರಡಕ್ಕೂ ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ನೀರು ಇದ್ದರೆ ಆ ತೂಕದ ವ್ಯತ್ಯಾಸ ನೋಡಿದ ಅಧಿಕಾರಿಗೆ ಬೇರೆ ನೆಪ ಹೇಳುವುದು ಕಷ್ಟ.